ಊರ ಹಣಕ್ಕೆ ಊರ ಮುಂದೆ ಲೆಕ್ಕ: ಅಬ್ದುಲ್ ನಜೀರ್ ಸಾಬ್ ಅವರ ಸ್ಮರಣೆ

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ಮನೆಗೆ ತಂದರು. ಧರ್ಮಪತ್ನಿ ಲಕ್ಕಮ್ಮನವರು ಅದನ್ನು ಕಂಡು ಸಂತೋಷಪಡಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು, ಮಿಕ್ಕುದನ್ನು ತಂದಲ್ಲಿಗೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಪುರಾಣ ಪ್ರವಚನಗಳಲ್ಲಿ ನಾವು ಮತ್ತೆ ಮತ್ತೆ ಕೇಳಿರುವ ಈ ಪ್ರಸಂಗದಲ್ಲಿ ಒಂದು ಆಡಳಿತ ಸೂತ್ರವೂ ಅಡಗಿದೆ. ಸಮಾಜದ ಸಂಪತ್ತು ಒಬ್ಬರ ಕೈಗೆ ಬಂದಾಗ, ಎಷ್ಟು ಬಂತು, ಏತಕ್ಕೆ ಬಂತು, ಮಿಕ್ಕುದೆಲ್ಲಿ ಎಂದು ಕೇಳುವವರು ಹತ್ತಿರದಲ್ಲಿಯೇ ಇರಬೇಕು. ಲಕ್ಕಮ್ಮನವರು ಮನೆಯೊಳಗೇ ಇದ್ದುದರಿಂದ ಲೆಕ್ಕ ತಪ್ಪಲಿಲ್ಲ.

ಇಂಥದೇ ತತ್ತ್ವಕ್ಕೆ ಇಪ್ಪತ್ತನೆಯ ಶತಮಾನದ ಕರ್ನಾಟಕದಲ್ಲಿ ಶಾಸನದ ರೂಪ ಕೊಡಲು ಶ್ರಮಿಸಿದವರು ಅಬ್ದುಲ್ ನಜೀರ್ ಸಾಬ್. ಶಿಶುನಾಳದ ಷರೀಫರನ್ನು ತಮ್ಮವರೆಂದೇ ಪೂಜಿಸುವ ನಮ್ಮ ಸೀಮೆಯ ಭಕ್ತರಿಗೆ, ಈ ಲೋಕಸೇವಕರ ಜಾತಿ ಮತಗಳನ್ನು ವಿಚಾರಿಸುವ ಅಗತ್ಯವಿಲ್ಲ. ಅವರ ಕಾಯಕವನ್ನು ನೋಡಿದರೆ ಸಾಕು.

ನಜೀರ್ ಸಾಬ್ ಅವರು ಗುಂಡ್ಲುಪೇಟೆಯ ಬಡ ಕುಟುಂಬದಲ್ಲಿ ಜನಿಸಿದವರು. ಬಡವರ ಮನೆಯ ಕಷ್ಟವನ್ನು ಕಣ್ಣಾರೆ ಕಂಡೇ ಸಾರ್ವಜನಿಕ ಜೀವನಕ್ಕೆ ಬಂದರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚನೆಯಾದಾಗ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯ ಹೊಣೆ ಅವರ ಹೆಗಲೇರಿತು. ಬರದ ಬೇಗೆಯಲ್ಲಿ ಬೇಯುತ್ತಿದ್ದ ಹಳ್ಳಿಗಳಿಗೆ ಕೊಳವೆಬಾವಿಗಳನ್ನು ಕೊರೆಸಿ ಕುಡಿಯುವ ನೀರನ್ನು ಒದಗಿಸಿದ ಅವರನ್ನು ಜನರು ಪ್ರೀತಿಯಿಂದ ನೀರ್ ಸಾಬ್ ಎಂದು ಕರೆದರು. ಒಂದು ಕೊಡ ನೀರಿಗಾಗಿ ಕಾದು ನಿಂತ ತಾಯಂದಿರು ಕೊಟ್ಟ ಬಿರುದು ಅದು.

ಆದರೆ ನೀರು ಕೊಟ್ಟುದಕ್ಕಿಂತಲೂ ದೊಡ್ಡದಾದ ಒಂದು ಕಾರ್ಯವನ್ನು ಅವರು ಕೈಗೆತ್ತಿಕೊಂಡಿದ್ದರು. ಹಳ್ಳಿಗೆ ಕೊಳವೆಬಾವಿ ಬೇಕೋ, ಶಾಲೆಯ ಕೋಣೆ ಬೇಕೋ, ರಸ್ತೆ ಬೇಕೋ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತು ಏಕೆ ನಿರ್ಧರಿಸಬೇಕು ಎಂಬ ಪ್ರಶ್ನೆಯೇ ಆ ಕಾರ್ಯದ ಮೂಲ. 1959ರ ಹಳೆಯ ಕಾಯಿದೆಯ ಪ್ರಕಾರ ಜಿಲ್ಲಾ ಮಟ್ಟದ ಅಭಿವೃದ್ಧಿ ಮಂಡಳಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅದರ ಅಧಿಕಾರವೂ ಸಲಹೆಗಷ್ಟೇ ಸೀಮಿತ. 1978ರಲ್ಲಿ ಅಶೋಕ ಮೆಹತಾ ಸಮಿತಿ ನೀಡಿದ ವರದಿಯ ದಾರಿಯಲ್ಲಿ ನಡೆದು, ನಜೀರ್ ಸಾಬ್ ಅವರು ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯತಿ ಸಮಿತಿ, ಮಂಡಲ ಪಂಚಾಯತಿ ಹಾಗೂ ನ್ಯಾಯ ಪಂಚಾಯತಿಗಳ 1983ರ ಮಸೂದೆಯನ್ನು ಶಾಸಕಾಂಗದ ಮುಂದಿಟ್ಟರು.

ವಿರೋಧ ಕಡಿಮೆಯದಾಗಿರಲಿಲ್ಲ. ಅಧಿಕಾರವೂ ಅನುದಾನವೂ ಜಿಲ್ಲೆಗೆ ಇಳಿದರೆ ತಮ್ಮ ಮಾತಿಗೆ ಬೆಲೆಯೆಲ್ಲಿ ಎಂಬ ಅಳುಕು ಶಾಸಕರಲ್ಲಿತ್ತು. ಈ ಅಳುಕು ಆಡಳಿತ ಪಕ್ಷದೊಳಗೂ ಇತ್ತು. ಚುನಾಯಿತ ಅಧ್ಯಕ್ಷರ ಕೈಕೆಳಗೆ ದುಡಿಯುವುದು ಅಧಿಕಾರಿ ವರ್ಗಕ್ಕೆ ಹೊಸತು. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವೆಂದರೆ, ಹಳ್ಳಿಗರ ಕೈಗೆ ಹಣ ಕೊಟ್ಟರೆ ಭ್ರಷ್ಟಾಚಾರವೂ ಹಳ್ಳಿಗೆ ಇಳಿಯುತ್ತದೆ ಎಂಬುದು.

ಈ ಆಕ್ಷೇಪಕ್ಕೆ ಉತ್ತರ ಆ ಕಾಯಿದೆಯ ರಚನೆಯಲ್ಲಿಯೇ ಇದೆ. ದೂರದ ಕಚೇರಿಯಲ್ಲಿ ಸೋರಿಹೋದ ಹಣವನ್ನು ಊರು ಎಂದೂ ಕಾಣಲಾರದು. ಊರೊಳಗೇ ಕಟ್ಟಿದ ಗೋಡೆ ಬಿರುಕುಬಿಟ್ಟರೆ, ಕಟ್ಟಿಸಿದವರು ಯಾರೆಂದು ಎಲ್ಲರಿಗೂ ಗೊತ್ತು. ಅವರು ನಾಳೆ ಅದೇ ಓಣಿಯಲ್ಲಿ ನಡೆದು ಹೋಗಬೇಕು. ಆದ್ದರಿಂದಲೇ ಕಾಯಿದೆಯು ವರ್ಷಕ್ಕೆ ಎರಡು ಬಾರಿ ಗ್ರಾಮಸಭೆ ಸೇರಬೇಕೆಂದು ವಿಧಿಸಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಜಿಲ್ಲಾಧಿಕಾರಿಗಳಿಗಿಂತ ಹಿರಿಯರಾದ ಅಧಿಕಾರಿಯನ್ನು ಪರಿಷತ್ತಿನ ಮುಖ್ಯ ಕಾರ್ಯದರ್ಶಿಯನ್ನಾಗಿ ನೇಮಿಸಲಾಯಿತು. ಶಾಸಕರನ್ನೂ ಹೊರಗಿಡದೆ, ತಾಲ್ಲೂಕು ಸಮಿತಿಯ ಅಧ್ಯಕ್ಷ ಸ್ಥಾನವನ್ನು ಅವರಿಗೇ ಬಿಟ್ಟುಕೊಡಲಾಯಿತು. ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳು ಮೀಸಲಾದವು. ಅನುಭವ ಮಂಟಪದಲ್ಲಿ ಶರಣೆಯರು ಸರಿಸಮಾನವಾಗಿ ಕುಳಿತು ಮಾತನಾಡಿದ ನಾಡಿನಲ್ಲಿ, ಹಳ್ಳಿಯ ಹೆಣ್ಣುಮಕ್ಕಳಿಗೆ ಪಂಚಾಯತಿಯ ಬಾಗಿಲು ತೆರೆದುದು ಸಣ್ಣ ಸಂಗತಿಯಲ್ಲ.

ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ದೊರೆತುದು 1985ರಲ್ಲಿ. 1987ರ ಜನವರಿಯಲ್ಲಿ ಚುನಾವಣೆ ನಡೆದು ಸುಮಾರು 2,500 ಮಂಡಲ ಪಂಚಾಯತಿಗಳು ಅಸ್ತಿತ್ವಕ್ಕೆ ಬಂದವು. ಗದಗ, ಹಾವೇರಿಗಳನ್ನೂ ಒಳಗೊಂಡಿದ್ದ ಅಂದಿನ ಅಖಂಡ ಧಾರವಾಡ ಜಿಲ್ಲೆಗೆ ಒಂದೇ ಜಿಲ್ಲಾ ಪರಿಷತ್ತು. ಶಿಕ್ಷಣ, ಆರೋಗ್ಯ, ಕೃಷಿ, ಕುಡಿಯುವ ನೀರು ಮೊದಲಾದ ಇಲಾಖೆಗಳ ಜಿಲ್ಲಾ ಮಟ್ಟದ ಕೆಲಸಗಳು ಪರಿಷತ್ತಿನ ಅಧೀನಕ್ಕೆ ಬಂದವು.

ಕೊರತೆಗಳೂ ಇದ್ದವು, ಅವುಗಳನ್ನು ಮರೆಮಾಚುವುದು ಸತ್ಯಕ್ಕೆ ಸಲ್ಲದು. ಬಂದ ಅನುದಾನದ ಬಹುಪಾಲು ನೌಕರರ ವೇತನಕ್ಕೂ ಮೊದಲೇ ಗೊತ್ತುಮಾಡಿದ ಯೋಜನೆಗಳಿಗೂ ಮೀಸಲಾಗಿತ್ತು. ಸ್ವಂತ ವಿವೇಚನೆಯಿಂದ ಖರ್ಚು ಮಾಡಲು ಉಳಿಯುತ್ತಿದ್ದುದು ಅಲ್ಪ. ವ್ಯವಸ್ಥೆ ಇನ್ನೂ ಬೇರೂರುತ್ತಿದ್ದಾಗಲೇ, 1988ರ ಅಕ್ಟೋಬರ್‌ನಲ್ಲಿ ನಜೀರ್ ಸಾಬ್ ಅವರು ಕ್ಯಾನ್ಸರ್ ಕಾಯಿಲೆಯಿಂದ ನಿಧನರಾದರು. ಮುಂದೆ ಆ ಸಂಸ್ಥೆಗಳ ಅವಧಿ ಮುಗಿದಾಗ ಸಕಾಲದಲ್ಲಿ ಚುನಾವಣೆ ನಡೆಯಲಿಲ್ಲ. ಅಧಿಕಾರ ಮತ್ತೆ ಆಡಳಿತಾಧಿಕಾರಿಗಳ ಕೈಸೇರಿತು. ಆದರೂ ಬಿತ್ತಿದ ಬೀಜ ಹುಸಿಯಾಗಲಿಲ್ಲ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಗೆ ಕರ್ನಾಟಕದ ಅನುಭವವೂ ಬುನಾದಿಯಾಯಿತು. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇಂದು ಅವರ ಹೆಸರನ್ನೇ ಹೊತ್ತಿದೆ.

ಈ ಸ್ಮರಣೆ ಹುಬ್ಬಳ್ಳಿ ತಾಲ್ಲೂಕಿನ ಸುಳ್ಳದಂಥ ನಮ್ಮ ಊರುಗಳಿಗೆ ಏಕೆ ಬೇಕು? ಇಂದು ಕೇಂದ್ರ ಹಣಕಾಸು ಆಯೋಗದ ಅನುದಾನ ಗ್ರಾಮ ಪಂಚಾಯತಿಯವರೆಗೆ ಬರುತ್ತದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಕಾಮಗಾರಿ ಮತ್ತು ಲೆಕ್ಕಪತ್ರಗಳು ಜನರ ಮುಂದೆ ಬರಬೇಕು. ನಜೀರ್ ಸಾಬ್ ಅವರ ಕಾಲದಲ್ಲಿ ಹಣವನ್ನು ಹಳ್ಳಿಗೆ ತರುವುದೇ ಹೋರಾಟವಾಗಿತ್ತು. ಇಂದು ಹಣ ಬಂದಿದೆ, ಕೇಳುವವರು ಬರಬೇಕಾಗಿದೆ.

ಜಾತ್ರೆ ಮುಗಿದ ಮೇಲೆ ಯಾರ ದೇಣಿಗೆ ಎಷ್ಟು, ಪ್ರಸಾದಕ್ಕೆ ಆದ ಖರ್ಚೆಷ್ಟು ಎಂಬುದನ್ನು ಹಿರಿಯರ ಮುಂದೆ ಓದಿ ಒಪ್ಪಿಸುವುದು ನಮ್ಮ ಊರುಗಳ ರೂಢಿ. ಒಂದು ರೂಪಾಯಿ ಹೆಚ್ಚು ಕಡಿಮೆಯಾದರೂ ಅಲ್ಲಿ ಪ್ರಶ್ನೆ ಏಳುತ್ತದೆ. ಪ್ರಶ್ನೆ ಕೇಳಿದವರ ಮೇಲೆ ಯಾರೂ ಮುನಿಯುವುದಿಲ್ಲ. ಪಂಚಾಯತಿಯ ಹಣವೂ ನಮ್ಮೆಲ್ಲರ ಬೆವರಿನದೇ. ಅದರ ಲೆಕ್ಕ ಕೇಳುವುದು ಜಗಳವಲ್ಲ, ರಾಜಕಾರಣವೂ ಅಲ್ಲ. ಅದು ದಾಸೋಹದ ಒಂದು ಅಂಗ. ಮುಂದಿನ ಗ್ರಾಮಸಭೆಯ ಡಂಗುರ ಕೇಳಿದಾಗ ಸದ್ಭಕ್ತರೆಲ್ಲರೂ, ವಿಶೇಷವಾಗಿ ತಾಯಂದಿರು, ತಪ್ಪದೆ ಹೋಗಿ ಕುಳಿತುಕೊಳ್ಳಬೇಕು. ಲಕ್ಕಮ್ಮನವರ ಪ್ರಶ್ನೆಯನ್ನು ವಿನಯದಿಂದಲೇ ಕೇಳಬೇಕು. ನೀರ್ ಸಾಬ್ ಅವರಿಗೆ ನಾವು ಸಲ್ಲಿಸಬಹುದಾದ ನಿಜವಾದ ನುಡಿನಮನ ಅದೇ.