ಮೊದಲ ಚುಚ್ಚುಮದ್ದು ತನಗೇ: ಹಾಫ್‌ಕಿನ್

ಅಕ್ಕನ ಮಗುವಿಗೆ ಆರು ವಾರ ತುಂಬಿದಾಗ ಆಶಾ ಕಾರ್ಯಕರ್ತೆ ರೋಟಾ ಲಸಿಕೆಗೆ ಕರೆದರು. ಉಮ್ಮನಿಗೆ ಭಯವಾಯಿತು. ಧೈರ್ಯ ಹೇಳಲು ನನಗೂ ಏನೂ ತಿಳಿದಿರಲಿಲ್ಲ. ಆಗ ನಾನು ಓದಿದ್ದು ವಾಲ್ಡೆಮರ್ ಹಾಫ್‌ಕಿನ್ ಅವರ ಜೀವನ.

1860ರಲ್ಲಿ ಒಡೆಸ್ಸಾದ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರು ಪ್ಯಾರಿಸಿನಲ್ಲಿ ಕಾಲರಾ ಲಸಿಕೆ ತಯಾರಿಸಿ, 1892ರಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು. ಮುಂಬಯಿಯಲ್ಲಿ ಪ್ಲೇಗ್ ಹಬ್ಬಿದಾಗ ಅದಕ್ಕೂ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮತ್ತೆ ತಮ್ಮ ಮೇಲೆಯೇ ಪರೀಕ್ಷಿಸಿದರು. ಜನ ಹೆದರಿದ್ದಾಗ ಮೂರನೇ ಆಗಾ ಖಾನ್ ಎಲ್ಲರ ಮುಂದೆ ಲಸಿಕೆ ಪಡೆದು, ಪ್ರಯೋಗಾಲಯಕ್ಕೆ ಕಟ್ಟಡವನ್ನೂ ಕೊಟ್ಟರು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲೂ ಸಾವಿರಾರು ಮಂದಿ ಈ ಲಸಿಕೆ ಪಡೆದರು.

1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ತೀರಿಕೊಂಡರು. ಆಪಾದನೆ ಹಾಫ್‌ಕಿನ್ ಮೇಲೆ ಬಂದು ಕೆಲಸ ಹೋಯಿತು. ಒಂದು ಸೀಸೆ ಮಾತ್ರ ಸ್ಥಳದಲ್ಲಿ ಕಲುಷಿತವಾಗಿತ್ತೆಂದು ವಿಜ್ಞಾನಿಗಳು ವಾದಿಸಿದರು. 1907ರಲ್ಲಿ ಅವರು ದೋಷಮುಕ್ತರಾದರು. 1925ರಲ್ಲಿ ಮುಂಬಯಿಯ ಸಂಸ್ಥೆಗೆ ಅವರ ಹೆಸರಿಟ್ಟರು. 1930ರಲ್ಲಿ ಅವರು ನಿಧನರಾದರು.

ಇದನ್ನೆಲ್ಲ ಉಮ್ಮನಿಗೆ ಹೇಳಿದೆ. ರೋಟಾ ವೈರಸ್‌ನಲ್ಲಿ ಹಲವು ತಳಿಗಳಿವೆ, ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಅವು ಬದಲಾಗುತ್ತವೆ. ಲಸಿಕೆ ಎಲ್ಲ ಭೇದಿಯನ್ನೂ ತಡೆಯದು, ಆದರೆ ಮಗು ಆಸ್ಪತ್ರೆ ಸೇರುವಂಥ ತೀವ್ರ ಭೇದಿಯನ್ನು ಕಡಿಮೆ ಮಾಡುತ್ತದೆ ಎಂದೂ ವಿವರಿಸಿದೆ. ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನ ಮಗುವನ್ನು ಎತ್ತಿಕೊಂಡು ಅಂಗನವಾಡಿಗೆ ಹೊರಟವರು ಅವರೇ. ಹತ್ತನೇ ಮತ್ತು ಹದಿನಾಲ್ಕನೇ ವಾರದ ಡೋಸನ್ನು ನೆನಪಿಸುವ ಕೆಲಸ ಈಗ ನನ್ನದು.