ಅಬ್ಬೆ ದುಬಾಯ್ ಮತ್ತು ನಮ್ಮ ಹಿರಿಯರ ಎಡೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆ ಮಹಾಲಯ ಅಮಾವಾಸ್ಯೆಯಂದು ಗತಿಸಿದ ಹಿರಿಯರಿಗೆ ಎಡೆಯಿಡುವ ಮನೆಗಳು ಅನೇಕ. ಅಶುಭ ನಕ್ಷತ್ರದಲ್ಲಿ ಸಾವು ಸಂಭವಿಸಿದರೆ ಕೆಲವು ಕಾಲ ಮನೆಯನ್ನೇ ತೊರೆಯುವುದೂ ಉಂಟು. ಇಂತಹ ನಂಬಿಕೆಗಳನ್ನು ಎರಡು ಶತಮಾನಗಳ ಹಿಂದೆಯೇ ಕುತೂಹಲದಿಂದ ಗಮನಿಸಿದ ಕ್ರೈಸ್ತ ಗುರು ಅಬ್ಬೆ ದುಬಾಯ್.

ಫ್ರಾನ್ಸಿನಲ್ಲಿ ಜನಿಸಿದ ದುಬಾಯ್ 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಮೈಸೂರು ಸೀಮೆಗೆ ಬಂದರು. ಗಡ್ಡ ಬೆಳೆಸಿ, ಮಾಂಸ ತ್ಯಜಿಸಿ, ದೇಶೀಯರಂತೆಯೇ ಉಟ್ಟು ಉಂಡು ಬಾಳಿದರು. ಹಾಸನದ ಸಮೀಪದ ಸಾತಳ್ಳಿಯಲ್ಲಿ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು. ಸಿಡುಬನ್ನು ಅಮ್ಮನ ಮುನಿಸೆಂದು ಅಂಜುತ್ತಿದ್ದ ಜನರಿಗೆ 1803-04ರಲ್ಲಿ ದೇವಿ ಹಾಕಿಸುವ ಕಾರ್ಯಕ್ಕೂ ಮುಂದಾದರು.

ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು ಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಪ್ರಕಟವಾಯಿತು. ಅಂತ್ಯಕ್ರಿಯೆ, ಶ್ರಾದ್ಧ, ಸಹಗಮನಗಳ ವಿವರ ಅದರಲ್ಲಿದೆ. ಆ ಗ್ರಂಥದ ಬಹುಭಾಗವು ಕೂರ್ದೂ ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಬರಹಕ್ಕೆ ಋಣಿಯೆಂದು ಇಪ್ಪತ್ತನೆಯ ಶತಮಾನದ ಸಂಶೋಧನೆ ತೋರಿಸಿತು. ಆದುದರಿಂದ ಅಲ್ಲಿನ ಪ್ರತಿಯೊಂದು ಮಾತನ್ನೂ ಅವರು ಕಣ್ಣಾರೆ ಕಂಡದ್ದೆಂದು ಎಣಿಸಲಾಗದು.

ಶ್ರಾದ್ಧಾದಿಗಳನ್ನು ದುಬಾಯ್ ಮೂಢನಂಬಿಕೆಗಳೆಂದೇ ಬಗೆದರು. ಆದರೆ ಸತ್ತವರನ್ನು ಮರೆಯಬೇಕೆಂಬುದು ಅವರ ಧರ್ಮದ ಬೋಧೆಯಲ್ಲ. ಉತ್ತರಿಸುವ ಸ್ಥಳದಲ್ಲಿ ಶುದ್ಧಿಗೊಳ್ಳುತ್ತಿರುವ ಆತ್ಮಗಳಿಗೆ ಬದುಕಿರುವವರ ಪ್ರಾರ್ಥನೆ ನೆರವಾಗುವುದೆಂದು ಕಥೋಲಿಕರು ನಂಬುತ್ತಾರೆ. ನವೆಂಬರ್ 2 ಅವರಿಗೆ ಸಕಲ ಮೃತರ ಸ್ಮರಣೆಯ ದಿನ. ಪ್ರಾಟೆಸ್ಟಂಟರು ಇದನ್ನೂ ಒಪ್ಪುವುದಿಲ್ಲ. ಎಡೆಯಿಡುವವನು ಅಗಲಿದವರು ಮನೆಗೆ ಬರುವರೆಂದು ನಂಬುತ್ತಾನೆ. ಕ್ರೈಸ್ತನು ಅವರನ್ನು ದೇವರ ಕೈಗೆ ಒಪ್ಪಿಸಿಬಿಡುತ್ತಾನೆ. ಭೇದವಿರುವುದು ಇಲ್ಲಿ.

ಈ ಭೇದವು ಹೊಸದಾಗಿ ಕ್ರೈಸ್ತನಾದವನಿಗೆ ಬರಿಯ ತರ್ಕವಾಗಿರಲಿಲ್ಲ. ದೇಶಾಚಾರಗಳನ್ನು ಇಗರ್ಜಿಯೊಳಗೆ ಎಷ್ಟರಮಟ್ಟಿಗೆ ಉಳಿಸಿಕೊಳ್ಳಬಹುದೆಂಬ ವಿವಾದವನ್ನು ಪೋಪರು 1744ರ ಆಜ್ಞೆಯಿಂದ ಬಿಗಿಯಾಗಿ ಮುಗಿಸಿದ್ದರು. ತಂದೆಯ ಪಿಂಡವನ್ನು ಕೈಬಿಟ್ಟವನು ನೆರೆಯವರ ಕಣ್ಣಿಗೆ ತಂದೆಯನ್ನೇ ಕೈಬಿಟ್ಟವನು. ಆಚಾರದ ಈ ಕಟ್ಟು ಎಷ್ಟು ಬಲವಾದುದೆಂಬುದನ್ನು ಮೂರು ದಶಕ ಇಲ್ಲಿದ್ದ ದುಬಾಯ್ ಚೆನ್ನಾಗಿ ಅರಿತರು. ಹಿಂದೂಗಳ ಮತಾಂತರವು ಆಗದ ಕಾರ್ಯವೆಂದು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ಅದೇ ವರ್ಷ ತಾಯ್ನಾಡಿಗೆ ಮರಳಿ, 1848ರಲ್ಲಿ ತೀರಿಕೊಂಡರು. ತಾವು ಒಪ್ಪದ ನಂಬಿಕೆಗಳನ್ನೂ ಬರೆದಿರಿಸಿದ ಅವರಿಂದ, ನಮ್ಮ ಹಿರಿಯರು ತಮ್ಮ ಹಿರಿಯರನ್ನು ಹೇಗೆ ನೆನೆದರೆಂಬುದು ಇಂದು ನಮಗೆ ತಿಳಿಯುವಂತಾಗಿದೆ.