ಅಶ್ವಗತಿ ಮತ್ತು ಅಂಕಸರಣಿ: ಮುಮ್ಮಡಿ ಕೃಷ್ಣರಾಜ ಒಡೆಯರು

ಮುಮ್ಮಡಿ ಕೃಷ್ಣರಾಜ ಒಡೆಯರನ್ನು (1794–1868) ಕನ್ನಡ ಸಾಹಿತ್ಯ ಚರಿತ್ರೆಗಳು ಬಹುಮಟ್ಟಿಗೆ ಆಶ್ರಯದಾತರೆಂದೇ ಗುರುತಿಸಿವೆ. ಚದುರಂಗದ ಮಣೆಯ ಮೇಲೆ ಅವರು ನಡೆಸಿದ ಚಿಂತನೆಯು ಅರಸರ ವಿನೋದವೆಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ಅದನ್ನು ಅವರ ಬದುಕಿನೊಡನೆಯೂ ಚಿತ್ರಕಾವ್ಯ ಪರಂಪರೆಯೊಡನೆಯೂ ಇರಿಸಿ ನೋಡುವುದು ಇಲ್ಲಿನ ಉದ್ದೇಶ.

1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ಬಳಿಕ ಐದು ವರ್ಷದ ಬಾಲಕನಿಗೆ ಪಟ್ಟಾಭಿಷೇಕವಾಯಿತು. ರಾಣಿ ಲಕ್ಷ್ಮಮ್ಮಣ್ಣಿಯವರ ಪೋಷಣೆ, ದಿವಾನ್ ಪೂರ್ಣಯ್ಯನವರ ಆಡಳಿತದ ನೆರಳಿನಲ್ಲಿ ಬೆಳೆದ ಅರಸರು ಪ್ರಾಪ್ತವಯಸ್ಕರಾಗಿ ಅಧಿಕಾರ ವಹಿಸಿಕೊಂಡರು. ನಗರದ ದಂಗೆಯ ಹಿನ್ನೆಲೆಯಲ್ಲಿ ಬ್ರಿಟಿಷರು 1831ರಲ್ಲಿ ಆಡಳಿತವನ್ನು ಕೈಗೆ ತೆಗೆದುಕೊಂಡರು. ಪಟ್ಟ ಉಳಿಯಿತು, ಅಧಿಕಾರ ಉಳಿಯಲಿಲ್ಲ. ಅನಂತರದ ಮೂವತ್ತೇಳು ವರ್ಷಗಳಲ್ಲಿ ಅರಮನೆಯು ವಿದ್ವತ್ತಿನ ಕೇಂದ್ರವಾಯಿತು. ಅವರ ಹೆಸರಿನ ಶ್ರೀತತ್ತ್ವನಿಧಿಯಲ್ಲಿ ದೇವತಾಮೂರ್ತಿಗಳ ಲಕ್ಷಣಗಳೊಡನೆ ಗಂಜೀಫಾ ಎಲೆಗಳ ವಿವರಣೆಗೂ ಸ್ಥಾನ ದೊರೆತಿರುವುದು ಗಮನಾರ್ಹ.

ಕುದುರೆಯ ನಡೆ ಸಂಖ್ಯಾಸರಣಿಯೂ ಹೌದು. ಎಂಟೆಂಟರ ಮಣೆಯ ಮನೆಗಳಿಗೆ ಸಾಲಾಗಿ 1ರಿಂದ 64ರವರೆಗೆ ಅಂಕಗಳನ್ನಿತ್ತರೆ, 1ರಲ್ಲಿರುವ ಕುದುರೆಯು 11ಕ್ಕೆ ಇಲ್ಲವೆ 18ಕ್ಕೆ ಮಾತ್ರ ಹಾರಬಲ್ಲದು. ಯಾವುದೇ ನಡೆಯಲ್ಲಿ ಅಂಕಗಳ ಅಂತರ 6, 10, 15, 17 ಇವುಗಳಲ್ಲೊಂದು. ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮೆಟ್ಟುವ ಸಂಚಾರದಲ್ಲಿ ನಡೆಯ ಕ್ರಮವನ್ನೇ ಮನೆಗಳಲ್ಲಿ ಬರೆದಾಗ ಪ್ರತಿಯೊಂದು ಅಡ್ಡಸಾಲು, ಕಂಬಸಾಲುಗಳ ಮೊತ್ತ 260 ಆಗುವಂತೆ ಹೊಂದಿಸುವುದು ಕಠಿಣ ಸಾಧನೆ. ಇಂಗ್ಲೆಂಡಿನಲ್ಲಿ ವಿಲಿಯಂ ಬೆವರ್ಲಿ ಇಂಥದೊಂದನ್ನು 1848ರಲ್ಲಿ ಪ್ರಕಟಿಸಿದ. ಹನ್ನೆರಡು ಹನ್ನೆರಡರ ಮಣೆಯ 144 ಮನೆಗಳಲ್ಲಿ ಪ್ರತಿ ಸಾಲಿನ ಮೊತ್ತ 870 ಬರುವ ಸಂಚಾರವೊಂದು ಮುಮ್ಮಡಿಯವರ ಹೆಸರಿನಲ್ಲಿದೆ.

ಈ ಸಾಧನೆಗೆ ಕಾವ್ಯಮೀಮಾಂಸೆಯಲ್ಲಿ ಪೂರ್ವಪರಂಪರೆಯಿದೆ. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದ ತುರಗಪದ ಬಂಧದಲ್ಲಿ ಶ್ಲೋಕದ ಮೂವತ್ತೆರಡು ಅಕ್ಷರಗಳು ಅರ್ಧಮಣೆಯನ್ನು ತುಂಬುತ್ತವೆ. ಕುದುರೆಯ ನಡೆಯಲ್ಲಿ ಓದಿದರೂ ಅದೇ ಶ್ಲೋಕ ದೊರೆಯುತ್ತದೆ. ವೇದಾಂತದೇಶಿಕರ ಪಾದುಕಾಸಹಸ್ರದಲ್ಲಿ ಒಂದು ಶ್ಲೋಕದಿಂದ ಮತ್ತೊಂದು ಶ್ಲೋಕವೇ ಹೊರಡುತ್ತದೆ. ಅಲ್ಲಿ ಅಕ್ಷರ ವಹಿಸಿದ ಪಾತ್ರವನ್ನು ಇಲ್ಲಿ ಅಂಕ ವಹಿಸಿದೆ.

1865ರಲ್ಲಿ ಅರಸರು ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು; 1867ರಲ್ಲಿ ಬ್ರಿಟಿಷರು ಉತ್ತರಾಧಿಕಾರವನ್ನು ಒಪ್ಪಿದರು. ಮರುವರ್ಷ ಮಾರ್ಚ್ 27ರಂದು ಅರಸರು ನಿಧನರಾದರು. ಎಂಟೆಂಟರ ಮಣೆಯಲ್ಲಿ ಎರಡು ಕರ್ಣಗಳ ಮೊತ್ತವೂ 260 ಆಗುವ ಕುದುರೆ ಸಂಚಾರ ಅಸಾಧ್ಯವೆಂಬುದು 2003ರಲ್ಲಿ ಗಣಕಯಂತ್ರದ ನೆರವಿನಿಂದ ಖಚಿತವಾಯಿತು.

ಮುಮ್ಮಡಿಯವರ ಹೆಸರಿನ ಕೃತಿಗಳಲ್ಲಿ ಆಸ್ಥಾನ ವಿದ್ವಾಂಸರ ಪಾಲೆಷ್ಟೆಂಬ ಚರ್ಚೆ ಹಳೆಯದು. ಆ ಚರ್ಚೆಯ ನಡುವೆ ಅಂಕಬಂಧಗಳು ವಿದ್ವತ್ತಿನ ಎಲ್ಲೆಯಿಂದಲೇ ಹೊರಗುಳಿದಿವೆ. ಅಕ್ಷರದ ತುರಗಬಂಧವನ್ನು ಕಾವ್ಯವೆಂದು ಪರಿಶೀಲಿಸುವವರು ಅಂಕದ ತುರಗಬಂಧವನ್ನು ಆಟವೆಂದು ಬದಿಗಿಡುವುದು ನ್ಯಾಯವಲ್ಲ. ಎರಡೂ ಓದುವ ಕ್ರಮವನ್ನು ಬಲ್ಲವರಿಗಷ್ಟೇ ತೆರೆದುಕೊಳ್ಳುವ ಪಠ್ಯಗಳು; ಆ ಕ್ರಮ ಮರೆತರೆ ಮಣೆಯ ಮೇಲೆ ಉಳಿಯುವುದು ಚದುರಿದ ಅಂಕಗಳು ಮಾತ್ರ.